ಸಹಾಯ ಬೇಕು: ಹಲಗೆ ಮಹಡಿಯ ಮನೆಗೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಕಡೆಯವನು. ಊರಿನ ಗಾನಮೇಳ ತಂಡದಲ್ಲಿ ಡ್ರಮ್ಸ್ ನುಡಿಸುತ್ತೇನೆ. ಮನೆಯಲ್ಲಿ ಅಭ್ಯಾಸಕ್ಕೂ ಜಾತ್ರೆ ಸಮಯದಲ್ಲಿ ವೇದಿಕೆಗೂ ಆಗುವ ಒಂದು ಎಲೆಕ್ಟ್ರಾನಿಕ್ ಕಿಟ್ ಬೇಕು. ಕೈಯಲ್ಲಿ 60,000 ರೂಪಾಯಿ ಇದೆ.

ನಮ್ಮದು ಹಳೆಯ ಹಂಚಿನ ಮನೆ. ನನ್ನ ಕೋಣೆ ಮಹಡಿಯಲ್ಲಿ, ನೆಲ ಮರದ ಹಲಗೆಯದ್ದು. ಸರಿಯಾಗಿ ಅದರ ಕೆಳಗೆ ಅಜ್ಜಿ ಮಲಗುತ್ತಾರೆ. ಹೆಡ್‌ಫೋನ್ ಹಾಕಿದರೆ ಕೋಲಿನಿಂದ ಬಡಿಯುವ ಪ್ಯಾಡಿನ ಸದ್ದು ಅಷ್ಟೇನೂ ಕೇಳುವುದಿಲ್ಲ. ತೊಂದರೆ ಇರುವುದು ಕಿಕ್ ಪೆಡಲಿನದ್ದು, ಅಂದರೆ ದೊಡ್ಡ ಡ್ರಮ್ಮಿನ ಸದ್ದಿಗೆ ಕಾಲಲ್ಲಿ ತುಳಿಯುವ ಪೆಡಲಿನದ್ದು. ತುಳಿದಾಗ ಅದರ ಬೀಟರ್ (ಸುತ್ತಿಗೆಯಂಥ ಕೋಲು) ಬಡಿದು, ಆ ಅದುರು ಹಲಗೆಯ ಮೂಲಕ ಕೆಳಗಿಳಿದು ಧಬ್ ಧಬ್ ಅನ್ನುತ್ತದೆ. ಗೆಳೆಯನ ಕಿಟ್ ಎರಡು ದಿನ ತಂದಿಟ್ಟಿದ್ದೆ. ಅಜ್ಜಿಗೆ ನಿದ್ದೆಯೇ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ಯಮಹಾ ಡಿಟಿಎಕ್ಸ್ 402ಕೆ ಕಿಟ್‌ನಲ್ಲಿ ಕಿಕ್‌ಗೆ ಬೀಟರ್ ಇಲ್ಲ, ಹಾಗಾಗಿ ಸದ್ದು ಕಡಿಮೆ. ಆದರೆ ಅಂಥ ಪೆಡಲಿಗೆ ಕಾಲು ಒಗ್ಗಿಹೋದರೆ ವೇದಿಕೆಯಲ್ಲಿ ನಿಜವಾದ ಡ್ರಮ್ಸ್ ಸಿಕ್ಕಾಗ ಕಷ್ಟ ಅಲ್ವಾ? ಅದರ ಪ್ಯಾಡ್ ಕೂಡ ರಬ್ಬರಿನದ್ದು. ಅಲೆಸಿಸ್ ನೈಟ್ರೋ ಮ್ಯಾಕ್ಸ್ ಕಿಟ್‌ನಲ್ಲಿ ಪ್ಯಾಡಿಗೆ ಮೆಶ್ ಹೆಡ್ (ಬಲೆಯಂಥ ಹೊದಿಕೆ) ಇದೆ. ಮೆಶ್ ಮೇಲೆ ಕೋಲು ಪುಟಿಯುವ ರೀತಿ ನನಗೆ ಜಾಸ್ತಿ ಇಷ್ಟ, ಬಿಗಿ ಕೂಡ ನಮಗೆ ಬೇಕಾದಂತೆ ಮಾಡಿಕೊಳ್ಳಬಹುದು. ಆದರೆ ಇದರಲ್ಲಿ ಬೀಟರ್ ಪೆಡಲ್.

ಅದುರು ಕೆಳಗಿಳಿಯದಂತೆ ಟೆನಿಸ್ ಚೆಂಡುಗಳ ಮೇಲೆ ಪ್ಲೈವುಡ್ ಇಟ್ಟು, ಅದರ ಮೇಲೆ ಕಿಟ್ ಇಡುತ್ತಾರಂತೆ. ಹಲಗೆ ಮಹಡಿಯಲ್ಲಿ ಯಾರಾದರೂ ಮಾಡಿ ನೋಡಿದ್ದೀರಾ? ಅಥವಾ ಮನೆಗೆ ಸಣ್ಣ ಕಿಟ್ ಸಾಕು, ವೇದಿಕೆಗೆ ರೋಲ್ಯಾಂಡ್ ಎಸ್‌ಪಿಡಿ ಥರದ ರಿದಂ ಪ್ಯಾಡ್ (ಒಂದೇ ಪೆಟ್ಟಿಗೆಯಲ್ಲಿ ಹಲವು ಪ್ಯಾಡ್ ಇರುವಂಥದ್ದು) ಬೇರೆ ತೆಗೆದುಕೊಳ್ಳುವುದೇ ಒಳ್ಳೆಯದಾ? ನಮ್ಮ ಮಳೆಗಾಲದ ತೇವಕ್ಕೆ ಜ್ಯಾಕ್, ಕೇಬಲ್ ಹೇಗೆ ಕಾಪಾಡುತ್ತೀರಿ ಅಂತಲೂ ಹೇಳಿ.

ಮುಂದಿನ ವಾರ ಮಂಗಳೂರಿಗೆ ಹೋಗಿ ನುಡಿಸಿ ನೋಡುವವನಿದ್ದೇನೆ. ಅದಕ್ಕೆ ಮೊದಲು ನಿಮ್ಮ ಅನುಭವ ತಿಳಿಸಿ, ದಯವಿಟ್ಟು.