ಪದಚರ್ಚೆ: 'ಸ್ಕೇರ್ ಜೋನ್', 'ಬೂ ಹೋಲ್' ಇತ್ಯಾದಿಗೆ ಕನ್ನಡ ಬೇಕು, ಸೋಮವಾರದೊಳಗೆ

ಸು. (ಬೆಂಗಳೂರು), ಶುಕ್ರವಾರ ಸಂಜೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಥೀಮ್ ಪಾರ್ಕುಗಳಲ್ಲಿ ಹ್ಯಾಲೋವೀನ್ ಹೊತ್ತಿಗೆ ಕಟ್ಟುವ ಹಾಂಟೆಡ್ ಹೌಸುಗಳ ವಿನ್ಯಾಸ ಕುರಿತ ಸಾಕ್ಷ್ಯಚಿತ್ರವೊಂದಕ್ಕೆ ಕನ್ನಡ ಅಡಿಬರಹ ನಡೆದಿದೆ. ಸೋಮವಾರ ಬೆಳಗ್ಗೆ ಫೈಲು ಹೋಗಬೇಕು. ಸಾಲಿಗೆ 38 ಅಕ್ಷರ, ಎರಡೇ ಸಾಲು. ವಿವರಣೆಗೆ ಜಾಗವಿಲ್ಲ, ಪದವೇ ಬೇಕು.

ಹಾಂಟೆಡ್ ಹೌಸ್‌ಗೆ ಸದ್ಯಕ್ಕೆ 'ದೆವ್ವದ ಮನೆ' ಇದೆ. ಆದರೆ ಒಳಗೆ ದೆವ್ವವೇ ಇಲ್ಲ: ಒಂದರಲ್ಲಿ ಕೋಡಂಗಿಗಳು, ಇನ್ನೊಂದರಲ್ಲಿ ಕಟುಕರು. ಸ್ಕೇರ್ ಜೋನ್‌ಗೆ 'ಭಯವಲಯ' ಅಂದರೆ ನಿಷೇಧಾಜ್ಞೆ ಹಾಕಿದ ಊರಿನ ಸುದ್ದಿಯ ಹಾಗಿದೆ. ಇವಲ್ಲದೆ ಸ್ಕೇರ್‌ಆಕ್ಟರ್ (ವೇಷ ಹಾಕಿ ಹೆದರಿಸುವವರು), ಬೂ ಹೋಲ್ (ಅವರು ಅಡಗುವ ಸಂದು), ಡ್ರಾಪ್ ಪ್ಯಾನೆಲ್, ರೀಸೆಟ್, ಕಾಂಗಾ ಲೈನ್, ಸ್ಲೈಡರ್, ಚಿಕನ್ ಎಕ್ಸಿಟ್. ದಯವಿಟ್ಟು ಕೈಹಿಡಿಯಿರಿ.

---

ರಾ. (ಬೆಂಗಳೂರು)

ಹಾರರ್ ಹೌಸ್, ಸ್ಕೇರ್ ಜೋನ್. ಹಾಗೇ ಬಿಡಿ. ನೋಡುವವರಿಗೆಲ್ಲ ಗೊತ್ತು.

---

ಕೆ. (ಸಾಗರ)

ಗೊತ್ತು ಅಂತ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದು 'ಮತ್ತು', 'ಆದರೆ' ಎರಡೇ.

ದೆವ್ವ ಬೇಡ. ಅದು ಸಂಸ್ಕ್ರುತದ 'ದಯ್ವ'ದಿಂದ ಇಳಿದದ್ದು. 'ಬೂತ' ನೇರ ಸಾಲ. 'ಬಂಗಲೆ' ಬಂಗಾಳದಿಂದ ಸುತ್ತಿ ಬಳಸಿ ಬಂದದ್ದು. ನಮ್ಮದೇ ಬೇರು ಇದೆ: ಹಳಗನ್ನಡದ ಬೆರ್ಚು, ಇಂದಿನ ಬೆಚ್ಚು. ಆ ರ್ ಇವತ್ತಿಗೂ ಹೊಲದಲ್ಲಿ ನಿಂತಿದೆ, ಬೆರ್ಚಪ್ಪನ ಹೆಸರಿನಲ್ಲಿ. ತಮಿಳಿನ ವೆರುವು ಇದರ ನಂಟ. ಹಾಗಾಗಿ ಬೆಚ್ಚುಮನೆ, ಬೆಚ್ಚುತಾಣ, ಬೆಚ್ಚುಗ, ಬೆಚ್ಚುಕಿಂಡಿ. ಒಂದೇ ಬೇರಿನಿಂದ ಎಲ್ಲವೂ ಬಂತು. ಮುಗಿಯಿತು.

---

ರಾ.

ಮುಗಿದಿಲ್ಲ ಸಾರ್.

ಒಂದು, 'ಬೆಚ್ಚುಮನೆ' ಅಂದರೆ ಬೆಚ್ಚಗಿನ ಮನೆ ಅಂತಲೇ ಕಿವಿಗೆ ಬೀಳುವುದು. ಬೆಚ್ಚನ ಮನೆಯಲ್ಲಿ ಸ್ವರ್ಗ ಕಾಣುವ ಜಾತಿ ನಮ್ಮದು. ಕಂಬಳಿ ಹೊದ್ದುಕೊಂಡು ಒಳಗೆ ಹೋಗುತ್ತಾರೆ. ಎರಡು, ಬೆಚ್ಚು ಅಕರ್ಮಕ. ಬೆಚ್ಚುವವನು ಬೆಚ್ಚುಗನಾದರೆ ಅವನು ಟಿಕೆಟ್ ಕೊಂಡವನೇ ಹೊರತು ವೇಷ ಹಾಕಿದವನಲ್ಲ. ಮೂರು, 'ತಾಣ' ಸ್ಥಾನದ ತದ್ಭವ. ಬಾಗಿಲಲ್ಲಿ ದೆವ್ವವನ್ನು ತಡೆದು ಹಿತ್ತಲಿಂದ ಸ್ಥಾನವನ್ನು ಒಳಗೆ ಬಿಟ್ಟಿದ್ದೀರಿ.

---

ಮಾ. (ಒರ್ಲಾಂಡೊ)

ಪದಕ್ಕೆ ಮೊದಲು ವಸ್ತು ಏನೆಂದು ಒಪ್ಪಿಕೊಳ್ಳೋಣ. ಇಲ್ಲದಿದ್ದರೆ ಇನ್ನೂ ನಲವತ್ತು ಮೇಲ್ ಬರುತ್ತವೆ.

ಹೌಸ್ ಅಂದರೆ ಒಂದೇ ದಾರಿ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವುದು. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ (ಅಲ್ಲಿ ಹ್ಯಾಲೋವೀನ್ ಕಾರ್ಯಕ್ರಮ 1973ರಿಂದ ನಡೆದುಬಂದದ್ದು) ಇದನ್ನು ಮೇಜ್, ಅಂದರೆ ಸುತ್ತುದಾರಿ, ಅನ್ನುತ್ತಾರೆ, ಒರ್ಲಾಂಡೊದ ಯೂನಿವರ್ಸಲ್‌ನಲ್ಲಿ (1991ರಿಂದ) ಹೌಸ್. ಮೇಜ್ ಅಂದರೂ ದಾರಿ ತಪ್ಪಿಸುವ ಕವಲು ಇರುವುದಿಲ್ಲ. ಯಾರಾದರೂ 'ಚಕ್ರವ್ಯೂಹ' ಅನ್ನುವ ಮುಂಚೆ ಹೇಳಿಬಿಡುತ್ತೇನೆ, ಬೇಡ. ಹೊಕ್ಕವರು ಹೊರಬರಲಾರರು ಅನ್ನುವ ಅರ್ಥ ಈ ಕೆಲಸದಲ್ಲಿ ಅಪಶಕುನ. 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲಾಗ್ಸ್ ಗ್ರೇಟ್ ಅಡ್ವೆಂಚರ್‌ನ ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದವರು ಸತ್ತರು. ಟ್ರೈಲರುಗಳನ್ನು ಜೋಡಿಸಿದ ಕಟ್ಟಡ, ಒಳಗೆ ಫೋಮ್, ಸ್ಪ್ರಿಂಕ್ಲರ್ ಇಲ್ಲ. ಅಲ್ಲಿಂದೀಚೆಗೆ ನಿಯಮ ಬಿಗಿಯಾಯಿತು: ಸ್ಪ್ರಿಂಕ್ಲರ್ ಬೇಕು, ಹೊಗೆ ಪತ್ತೆಯಾದ ಕೂಡಲೇ ದೀಪ ಹತ್ತಬೇಕು, ಕಿರುಚಾಟದ ಧ್ವನಿಮುದ್ರಿಕೆ ತಾನಾಗಿ ನಿಲ್ಲಬೇಕು, ಹೊರದಾರಿ ಕಾಣಬೇಕು. ದಾರಿ ಎಷ್ಟೇ ಇಕ್ಕಟ್ಟಾಗಿ ಕಂಡರೂ ಗಾಲಿಕುರ್ಚಿ ಹೋಗಲು ಕನಿಷ್ಠ 36 ಇಂಚು ಅಗಲ ಬಿಡಬೇಕು.

ಈಗ ಬೂ ಹೋಲ್. ಗೋಡೆ ಅನ್ನುವುದು 4×8 ಅಡಿಯ ಪ್ಲೈವುಡ್ ಹಲಗೆಗಳ ಸಾಲು. ಎರಡು ಹಲಗೆಗಳನ್ನು ಒಂದರ ಹಿಂದೊಂದು ಸ್ವಲ್ಪ ಮರೆಯಾಗುವಂತೆ ನಿಲ್ಲಿಸಿ ಒಂದೇ ಬಣ್ಣ ಬಳಿದರೆ, ಎದುರಿನಿಂದ ಬರುವವರಿಗೆ ಗೋಡೆ ಅಖಂಡ. ಸಂದು ಕಾಣುವುದು ದಾಟಿದ ಮೇಲೆ, ಹಿಂತಿರುಗಿದರೆ ಮಾತ್ರ. ಆ ಸಂದಿನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ, ಕಾಲಡಿ ಒಂದು ಸ್ವಿಚ್ಚು, ಮೊಳೆಗೆ ತೂಗುಹಾಕಿದ ನೀರಿನ ಬಾಟಲಿ. ಸ್ವಿಚ್ಚು ತುಳಿದರೆ ದೀಪ, ಸದ್ದು, ಆಮೇಲೆ ಮನುಷ್ಯ, ಮೂರೂ ಒಂದೇ ಏಟಿಗೆ.

ಪಕ್ಕದಿಂದ ಅಥವಾ ಅರ್ಧ ಹೆಜ್ಜೆ ಹಿಂದಿನಿಂದಲೇ ಯಾಕೆ? ಹೆದರಿದವರು ಮುಂದಕ್ಕೆ ಓಡಬೇಕು. ಎದುರಿನಿಂದ ಹಾರಿದರೆ ಮೊದಲನೆಯವರು ನಿಂತುಬಿಡುತ್ತಾರೆ, ಹಿಂದಿನವರು ಅವರ ಮೇಲೆ ಬೀಳುತ್ತಾರೆ, ಇಡೀ ಸಾಲು ಕಟ್ಟಿಕೊಳ್ಳುತ್ತದೆ. ಅದಕ್ಕೇ ಎಡಗಡೆ ತೂಗುವ ಹೆಣವೊಂದಕ್ಕೆ ಬೆಳಕು ಬಿಟ್ಟು ಕಣ್ಣನ್ನು ಅತ್ತ ಎಳೆದು, ಬಲಗಡೆಯಿಂದ ಹಾರುವುದು. ಆ ಹೆಣ ಹೆದರಿಸಲಿಕ್ಕಲ್ಲ, ಕತ್ತು ತಿರುಗಿಸಲಿಕ್ಕೆ.

ಡ್ರಾಪ್ ಪ್ಯಾನೆಲ್ ಅಂದರೆ ತಟ್ಟನೆ ಕೆಳಗೆ ಬಿದ್ದು ಹಿಂದೆ ನಿಂತವರನ್ನು ತೋರಿಸುವ ಹಲಗೆ; ಅದನ್ನು ಮತ್ತೆ ಮೊದಲಿನಂತೆ ನಿಲ್ಲಿಸುವುದು ರೀಸೆಟ್. ಅದರ ಲೆಕ್ಕ ನೋಡಿ. ಜನರನ್ನು ಗುಂಪು ಮಾಡದೆ ಸಾಲಾಗಿ ಬಿಟ್ಟರೆ ಎರಡು ಸೆಕೆಂಡಿಗೆ ಒಬ್ಬರು, ಗಂಟೆಗೆ 1,800. ಬಿದ್ದ ಹಲಗೆಯನ್ನು ಎತ್ತಿ ಕೊಂಡಿಗೆ ಸಿಕ್ಕಿಸಲು 8 ಸೆಕೆಂಡು ಹಿಡಿದರೆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಅದು ಬೀಳುತ್ತದೆ. ಉಳಿದ ಮೂವರು ಹಲಗೆ ಎತ್ತುತ್ತಿರುವ ದೆವ್ವವನ್ನು ನೋಡಿಕೊಂಡು ಹೋಗುತ್ತಾರೆ. ಆರಾರು ಜನರ ಗುಂಪು ಮಾಡಿ ಅರ್ಧ ನಿಮಿಷಕ್ಕೊಂದು ಬಿಟ್ಟರೆ ಎಲ್ಲರಿಗೂ ಬೀಳುತ್ತದೆ, ಆದರೆ ಗಂಟೆಗೆ 720 ಮಂದಿ ಮಾತ್ರ. ಹೊರಗೆ ಸಾಲು ಬೆಳೆಯುತ್ತದೆ. ಈ ವಿನ್ಯಾಸದ ಜಗಳವೆಲ್ಲ ಇದೇ. ನಿಮ್ಮ ಚಿತ್ರದ ಕಾಂಗಾ ಲೈನ್ ಅಂದರೆ ಆ ಮುರಿಯದ ಸಾಲು, 'ಇರುವೆ ಸಾಲು' ಅಂದರೆ ಸಾಕು.

---

ಭ. (ಉಡುಪಿ)

ಇರುವೆ ಸಾಲು ಲಾಯ್ಕ ಉಂಟು.

'ಭೂತಬಂಗಲೆ' ಅಂತ ಯಾರೂ ಹಾಕಬೇಡಿ ಮಾರಾಯ್ರೇ. ನಮ್ಮಲ್ಲಿ ಭೂತ ಅಂದರೆ ಕೋಲ ಕಟ್ಟಿ, ಕೈಮುಗಿದು ನುಡಿ ಕೇಳುವಂಥದ್ದು. ದೆವ್ವ-ದೈವ ಒಂದೇ ಬೇರು ಅಂತ ಕೆ. ಅವರು ಹೇಳಿಯಾಯಿತು, ಬೇರು ಒಂದಾದರೆ ಮರ ಒಂದಾಗುವುದಿಲ್ಲ.

'ಬೆಚ್ಚುಕಿಂಡಿ'ಯೂ ಆಗದು. ಕಿಂಡಿ ಇರುವುದು ನೋಡಲಿಕ್ಕೆ, ಕನಕನ ಕಿಂಡಿಯ ಹಾಗೆ; ಇಲ್ಲ ನೀರು ಹೋಗಲಿಕ್ಕೆ, ಕಿಂಡಿ ಅಣೆಕಟ್ಟಿನ ಹಾಗೆ. ಮನುಷ್ಯ ಅಡಗಿ ಕೂರುವ ಜಾಗ ಗೂಡು. ಹೊಂಚುಗೂಡು ಅನ್ನಿ.

ಸ್ಕೇರ್‌ಆಕ್ಟರಿಗೆ 'ವೇಷ' ಇದೆಯಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಸಭೆಯ ಹಿಂದಿನಿಂದ ಸೂಟೆ ಹಿಡಿದು ಬೊಬ್ಬೆ ಹೊಡೆಯುತ್ತಾ ಬರುವಾಗ, ರಾಳದ ಪುಡಿಗೆ ಬೆಂಕಿ ಭುಗ್ಗೆಂದು ಏಳುವಾಗ, ನಿದ್ದೆ ಮಾಡುತ್ತಿದ್ದ ಮಕ್ಕಳೆಲ್ಲ ಎದ್ದು ಅಳುವುದಿಲ್ಲವೋ? ಬೆದರುವೇಷ. ಕೆಲಸ ಮುಗಿಯಿತು.

---

ಕೆ.

ವೇಶ ಸಂಸ್ಕ್ರುತ.

---

ರಾ.

ಸಂಸ್ಕೃತವೂ ಸಂಸ್ಕೃತವೇ. ಅದನ್ನು 'ಸಂಸ್ಕ್ರುತ' ಅಂತ ಬರೆದ ಮಾತ್ರಕ್ಕೆ ಕನ್ನಡವಾಗಲಿಲ್ಲ.

---

ಕೆ.

ಯಾರ ಬಾಯಲ್ಲೂ ಇಲ್ಲದ 'ಋ' ಅಕ್ಕರವನ್ನು ಮಕ್ಕಳ ತಲೆಗೆ ಹೊರಿಸುವುದು ಬೇಡ ಅಂದೆ, ಅಶ್ಟೆ. ನಿಮ್ಮ 'ಸ್ಕೇರ್ ಜೋನ್'ನಲ್ಲಿ ಕನ್ನಡದ್ದು ಯಾವುದು, ಅಕ್ಕರವೊಂದೇ ತಾನೆ?

---

ಸು.

ಜಗಳ ಆಮೇಲೆ ಆಡಿ ದಯವಿಟ್ಟು. ಹೊಂಚುಗೂಡು, ಇರುವೆ ಸಾಲು ತೆಗೆದುಕೊಂಡೆ. ಮಾ. ಸರ್, ಸ್ಕೇರ್ ಜೋನ್ ಹೌಸಿನಿಂದ ಹೇಗೆ ಬೇರೆ? ಚಿತ್ರದಲ್ಲಿ ಒಂದೇ ವೇಷದವರು ಎರಡೂ ಕಡೆ ಕಾಣುತ್ತಾರೆ.

---

ಮಾ.

ಜೋನ್ ಅಂದರೆ ಬೀದಿ. ಸೂರಿಲ್ಲ, ಸಾಲಿಲ್ಲ. ತಿಂಡಿ ಅಂಗಡಿಗೋ ಶೌಚಾಲಯಕ್ಕೋ ಹೊರಟವರು ಅದನ್ನು ದಾಟಲೇಬೇಕು. ಬೀದಿಯಾದ್ದರಿಂದ ಆಂಬುಲೆನ್ಸು, ಅಗ್ನಿಶಾಮಕ ವಾಹನ ಹೋಗುವ ದಾರಿ ಸದಾ ತೆರೆದಿರಬೇಕು. ಸೆಟ್ಟನ್ನು ಅಂಚಿಗೆ ಸರಿಸಿ ನಿಲ್ಲಿಸುತ್ತಾರೆ. ಅಡಗಲು ಗೋಡೆ ಇಲ್ಲದ ಕಡೆ ಬೆಳಕೇ ಮರೆ: ಬೀದಿದೀಪ ಆರಿಸಿ ಇಲ್ಲವೇ ಬಣ್ಣದ ಹಾಳೆ ಸುತ್ತಿ, ಹೊಗೆಯ ಹಿಂದೆ ತಗ್ಗಿನಲ್ಲಿ ದೀಪ ಇಡುತ್ತಾರೆ. ಎದುರಿನಿಂದ ಬರುವವರಿಗೆ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಇಲ್ಲಿ ಉಡುಪಿಗೆ ಸೂಕ್ಷ್ಮ ಕಸೂತಿ ದಂಡ. ಕೊಂಬು, ಅಗಲ ಭುಜ, ಮರಗಾಲು, ಹೀಗೆ ಹೊರರೇಖೆ ಎದ್ದು ಕಾಣಬೇಕು.

ಎಡವಟ್ಟಾಗುವುದು ಗಾಳಿಯಿಂದ. ಹೊಗೆಯನ್ನು ಮಂಜುಗಡ್ಡೆಯ ಮೇಲೆ ಹಾಯಿಸಿ ತಣ್ಣಗೆ ಮಾಡಿದರೆ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ ನಿಜ, ಆದರೆ ಅದು ಒಳಾಂಗಣದ ಮಾತು. ಬಯಲಲ್ಲಿ ಒಂದು ಗಾಳಿ ಬೀಸಿದರೆ ಬೀದಿ ಬೋಳು. ಅದಕ್ಕೇ ಎರಡೂ ಬದಿಗೆ ಯಂತ್ರ ಇಟ್ಟು, ಗಾಳಿ ಯಾವ ಕಡೆಯಿಂದಲೋ ಆ ಬದಿಯದ್ದನ್ನು ಹಚ್ಚುತ್ತಾರೆ. ವೇಷದವರು ಹಿಡಿದು ಬರುವ ಇಂಜಿನ್ ಗರಗಸದ ಸರಪಳಿ ಮೊದಲೇ ತೆಗೆದಿರುತ್ತದೆ. ಹೆದರಿಸಲು ಇಂಜಿನ್ನಿನ ಸದ್ದು, ಪೆಟ್ರೋಲಿನ ವಾಸನೆ ಸಾಕು.

ಸ್ಲೈಡರ್, ಅಂದರೆ ಜಾರಿ ಬಂದು ಹೆದರಿಸುವವನು, ಹುಟ್ಟಿದ್ದು ನಾಟ್ಸ್‌ನ ಘೋಸ್ಟ್ ಟೌನ್ ಎಂಬ ಭಾಗದಲ್ಲಿ. ಮಂಡಿಗೆ ಲೋಹದ ಕವಚ, ಕೈಗವಸಿನ ಬೆರಳಿಗೂ ಲೋಹ. ಓಡಿಬಂದು ಮಂಡಿಯೂರಿ ಜಾರಿದರೆ ಕಾಂಕ್ರೀಟಿನ ಮೇಲೆ ಕಿಡಿ ಹಾರುತ್ತದೆ. ಹೆದರಿಸುವುದು ಮುಖವಲ್ಲ, ಬೆನ್ನ ಹಿಂದೆ ಸೊಂಟದ ಮಟ್ಟಕ್ಕಿಂತ ಕೆಳಗಿನಿಂದ ಬರುವ ಆ ಕೆರೆತ. ನೆಲ ನುಣುಪಿರಬೇಕು, ಒರಟು ಡಾಂಬರಿನ ಮೇಲೆ ಜಾರಿದರೆ ಕವಚ ಹಿಡಿದುಕೊಂಡು ಆಳು ಮುಂದಕ್ಕೆ ಮುಗ್ಗರಿಸುತ್ತಾನೆ.

ಹಾಗಾಗಿ 'ವಲಯ' ಬೇಡ. ಹೆಸರಲ್ಲಿ ಬೀದಿ ಇರಲಿ.

---

ವ. (ಧಾರವಾಡ)

ಇಷ್ಟೆಲ್ಲಾ ಶಾಣ್ಯಾರು ಕೂಡಿ ಗುಮ್ಮನ್ನ ಮರತ್ರಲ್ಲ! ಉಣ್ಣಲಿಲ್ಲಾ ಅಂದ್ರ ಗುಮ್ಮ ಬರ್ತಾನ ಅನ್ನಿಸ್ಕೊಳ್ಳದ ಬೆಳದ ಕೂಸು ಕರ್ನಾಟಕದಾಗ ಅದ ಏನು? ಗುಮ್ಮನ ಮನಿ, ಗುಮ್ಮನ ಬೀದಿ. ವೇಷದವ ಗುಮ್ಮ, ಎರಡ ಅಕ್ಷರ. ಜಾರಾಂವ ಜಾರುಗುಮ್ಮ. 38 ಅಕ್ಷರದಾಗ ಬೇಕಾದಷ್ಟು ಜಾಗ ಉಳೀತದ.

ಚಿಕನ್ ಎಕ್ಸಿಟ್ ಅಂದ್ರ ಅಂಜಿ ನಡುವ ಹೊರಗ ಹೋಗವರ ದಾರಿ, ಪುಕ್ಕಲರ ಬಾಗಲಾ. ಅದಕ್ಕೂ ಚರ್ಚಾ ಬೇಕ?

---

ರಾ.

ಗುಮ್ಮ ಮಕ್ಕಳ ಮಾತು. ಒರ್ಲಾಂಡೊದ ಯೂನಿವರ್ಸಲ್ ಪಾರ್ಕಿನವರೇ 13ಕ್ಕಿಂತ ಚಿಕ್ಕವರಿಗೆ ಇದು ತಕ್ಕುದಲ್ಲ ಅನ್ನುತ್ತಾರೆ. ಗರಗಸ ಹಿಡಿದವನನ್ನು ಗುಮ್ಮ ಅಂದರೆ ನಗುತ್ತಾರೆ.

---

ಮಾ.

ನಗಬೇಕು ಕೂಡ. ಕಿರುಚಿದ ಮರುಕ್ಷಣ ನಗು ಬರದಿದ್ದರೆ ಆ ಹೊಂಚುಗೂಡು ಸರಿಯಾದ ಜಾಗದಲ್ಲಿಲ್ಲ ಅಂತ ಅರ್ಥ. ದೆವ್ವವನ್ನು ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ; ಗುಮ್ಮ ಸುಳ್ಳು ಅಂತ ಹೇಳುವವರಿಗೂ ಕೇಳುವವರಿಗೂ ಒಳಗೊಳಗೇ ಗೊತ್ತು, ಆದರೂ ಹೆದರಿಕೆ ಆಗುತ್ತದೆ. ಟಿಕೆಟ್ ಮಾರುವುದು ಅದನ್ನೇ. ನನ್ನ ಮತ ಧಾರವಾಡಕ್ಕೆ.

---

ಕೆ.

ಗುಮ್ಮ ಒಪ್ಪಿದೆ. ಗುಮ್ಮು ಅಂದರೆ ಗುದ್ದು, ಹಾಯು. ಕತ್ತಲಲ್ಲಿ ಬಂದು ಗುಮ್ಮುವವನು ಗುಮ್ಮ. ಅಪ್ಪಟ ಕನ್ನಡ.

---

ರಾ.

ಆಧಾರ? 'ಗುಂ' ಅನ್ನುವ ಸದ್ದಿನಿಂದ ಬಂತು ಅಂತ ಇನ್ನೊಬ್ಬರು ಹೇಳಬಹುದು. ಅಂದಹಾಗೆ ಈ ವೇಷದವರು ಜನರನ್ನು ಮುಟ್ಟುವಂತೆಯೇ ಇಲ್ಲ. ಗುಮ್ಮದ ಗುಮ್ಮ ಅನ್ನೋಣವೇ?

---

ಕೆ.

ನಿಮ್ಮೊಡನೆ ಮಾತಿಲ್ಲ. ಸು. ಅವರೇ, ರೀಸೆಟ್‌ಗೆ 'ಮರುಹೂಡಿಕೆ' ಹಾಕಿ. ಬಿಲ್ಲು ಹೂಡಿದ ಹಾಗೆ.

---

ರಾ.

ಬ್ಯಾಂಕಿನವರು ಬಡ್ಡಿಯನ್ನು ಮರುಹೂಡಿಕೆ ಮಾಡುತ್ತಾರೆ. ಹೆದರಿಕೆಗೆ ಶೇಕಡಾ ಎಷ್ಟು ಸಾರ್?

---

ಭ.

ಇಲ್ಲಿ ಎಲ್ಲರೂ ಹಳೆಯ ಜಗಳವನ್ನು ಮರುಹೂಡುತ್ತಾ ಇದ್ದಾರೆ, ಪದ ಚಾಲ್ತಿಗೆ ಬಂದಾಯಿತು. ಸಾಲ ಬೇಡ ಅನ್ನುವವರಿಗೆ ಒಂದು ಮಾತು: 'ಜಾತ್ರೆ'ಯೂ ಯಾತ್ರೆಯಿಂದ ಬಂದದ್ದು. ಅದಕ್ಕಾಗಿ ಯಾರೂ ತೇರು ಎಳೆಯುವುದು ಬಿಟ್ಟಿಲ್ಲ.

---

ಸು., ಭಾನುವಾರ ರಾತ್ರಿ

ಫೈಲು ಕಟ್ಟಿದೆ. ಗುಮ್ಮನ ಮನೆ, ಗುಮ್ಮನ ಬೀದಿ, ಗುಮ್ಮ, ಜಾರುಗುಮ್ಮ, ಹೊಂಚುಗೂಡು, ಬೀಳುಹಲಗೆ, ಇರುವೆ ಸಾಲು, ಪುಕ್ಕಲರ ಬಾಗಿಲು. ರೀಸೆಟ್ ಬರುವ ಕಡೆ 'ಮತ್ತೆ ಸಜ್ಜು' ಅಂತ ಹಾಕಿದ್ದೇನೆ. ಕೆ. ಸರ್ ಕ್ಷಮಿಸಬೇಕು.

ಒಂದೇ ಉಳಿದಿದೆ. ಬಾಗಿಲ ಬಳಿಯ ಫಲಕಕ್ಕೆ 'ಪಾತ್ರಧಾರಿಗಳನ್ನು ಸ್ಪರ್ಶಿಸುವುದನ್ನು ನಿಷೇಧಿಸಲಾಗಿದೆ' ಅಂತ ಬರೆದಿದ್ದೆ, ತೀರಾ ಉದ್ದವಾಯಿತು.

---

ಮಾ.

ಎರಡು ಸಾಲು ಮಾಡಿ:

ಗುಮ್ಮ ನಿಮ್ಮನ್ನು ಮುಟ್ಟುವುದಿಲ್ಲ.
ನೀವೂ ಮುಟ್ಟಬೇಡಿ.

ಮೊದಲ ಸಾಲನ್ನು ಬಿಡಬೇಡಿ. ಅದು ಗೊತ್ತಿರದವರೇ ಹೆದರಿ ಕೈ ಬೀಸುವುದು. ಪೆಟ್ಟು ಬೀಳುವುದು ಗೂಡಿನಲ್ಲಿ ನಿಂತವರ ಮೂಗಿಗೆ.

---

ಕೆ.

'ಸಜ್ಜು' ಎಲ್ಲಿಯದು ಅಂತ ನೋಡಿಕೊಳ್ಳಿ. 'ಅಣಿ' ಇತ್ತಲ್ಲ.

---

ಸು.

ಅಣಿ ಮಾಡಿದೆ ಸರ್. ಕಳಿಸಿದೆ.