ಜಾಮ್ ಆದ ಟರ್ಬೊ ಹೌಸಿಂಗ್ ತಿರುಗಿಸೋದು ಹೇಗೆ? ಕೈಯಾರೆ ಮಾಡಿದವರು ಹೇಳಿ

ಆಲ್ದೂರಿನಿಂದ:

ನಮ್ಮದು ಹಳೇ ಡೀಸೆಲ್ ಪಿಕಪ್. ತೋಟದಿಂದ ಕ್ಯೂರಿಂಗಿಗೆ ಕಾಫಿ ಮೂಟೆ ಸಾಗಿಸೋಕೆ ಇರೋದು ಅದೊಂದೇ. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಭಾಗ) ಹೋಯ್ತು ಅಂತ ರೀಕಂಡಿಷನ್ ಮಾಡಿದ್ದೊಂದು ತಂದೆ. ಕೂರಿಸಿ ನೋಡಿದ್ರೆ ಗಾಳಿ ಹೊರಗೆ ಬರೋ ಬಾಯಿ ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಪೈಪಿಗೆ ಎದುರಾಗ್ತಿಲ್ಲ, ಕಾಲು ಸುತ್ತು ಪಕ್ಕಕ್ಕಿದೆ. ಹೌಸಿಂಗ್, ಅಂದ್ರೆ ಟರ್ಬೊದ ಹೊರಕವಚ, ಅದರ ಬೋಲ್ಟ್ ಎಲ್ಲಾ ಸಡಿಲ ಮಾಡಿದೀನಿ, ಆದ್ರೂ ಅಲ್ಲಾಡ್ತಾನೇ ಇಲ್ಲ. ಸುತ್ತಿಗೆ ಹಾಕೋಕೆ ಭಯ. ಕುಯ್ಲು ಜೋರಾಗಿ ನಡೀತಿದೆ, ಬಾಡಿಗೆ ಗಾಡಿ ಸಿಗ್ತಿಲ್ಲ. ದಾರಿ ತೋರಿಸಿ.

ಹಾಸನದಿಂದ, ಗ್ಯಾರೇಜಿನವರು:

ಅಣ್ಣ, ಸುತ್ತಿಗೆ ಎತ್ತೋಕೆ ಮುಂಚೆ ಕೇಳಿದ್ರಲ್ಲ, ಒಳ್ಳೇದಾಯ್ತು. ನಿಧಾನಕ್ಕೆ ಮಾಡಿದ್ರೆ ಖಂಡಿತ ತಿರುಗುತ್ತೆ.

ಟರ್ಬೊನ ಗಾಡಿಯಿಂದ ಬಿಚ್ಚಿ ಟೇಬಲ್ ಮೇಲೆ ಇಟ್ಕೊಳ್ಳಿ. ಬಾನೆಟ್ ಒಳಗೆ ಬಗ್ಗಿಕೊಂಡು ಮಾಡೋ ಕೆಲಸ ಅಲ್ಲ ಇದು. ಆಯಿಲ್ ತೂತುಗಳಿಗೆ ಟೇಪ್ ಅಂಟಿಸಿ. ಬಟ್ಟೆ ತುರುಕಬೇಡಿ, ಒಂದೆಳೆ ನೂಲು ಒಳಗೆ ಉಳಿದ್ರೂ ಬೇರಿಂಗಿಗೆ ಹೋಗೋ ಆಯಿಲ್ ಕಟ್ಟಿಕೊಳ್ಳುತ್ತೆ.

ಇನ್ನೊಂದು ಮಾತು ಮೊದಲೇ ಮನಸ್ಸಲ್ಲಿರಲಿ. ನಡುವಿನ ಭಾಗ, ಅಂದ್ರೆ ಬೇರಿಂಗ್ ಇರೋ ಕೋರ್, ಅದನ್ನ ಪೈಪಿಗೆ ಹೊಂದಿಸೋಕೆ ಅಂತ ಓರೆ ಮಾಡಬಾರದು. ಆಯಿಲ್ ಮೇಲಿಂದ ಪ್ರೆಶರಲ್ಲಿ ಒಳಗೆ ಬರುತ್ತೆ, ಆದ್ರೆ ಕೆಳಗೆ ಇಳಿಯೋದು ಬರೀ ತನ್ನ ಭಾರದಿಂದ. ಡ್ರೈನ್ ತೂತು ನೇರ ಕೆಳಕ್ಕೆ ಇರಬೇಕು. ತಪ್ಪಿದ್ರೆ ಆ ಕಡೆ ಈ ಕಡೆ 35 ಡಿಗ್ರಿ, ಅದಕ್ಕಿಂತ ಜಾಸ್ತಿ ಬೇಡ. ಓರೆಯಾದ್ರೆ ಆಯಿಲ್ ಒಳಗೇ ನಿಂತು ಸೀಲ್ ದಾಟುತ್ತೆ, ನೀಲಿ ಹೊಗೆ ಶುರು. ಆಗ ಹೊಸ ಟರ್ಬೊನೇ ಸರಿಯಿಲ್ಲ ಅಂತ ಬೈತಾರೆ. ಅದಕ್ಕೇ ಕೋರನ್ನ ಡ್ರೈನಿಗೆ ಸರಿಯಾಗಿ ನಿಲ್ಲಿಸಿ, ಗಾಳಿ ಬಾಯಿ ಎಲ್ಲಿಗೆ ಬರಬೇಕೋ ಅಲ್ಲಿಗೆ ಹೌಸಿಂಗ್ ಮೇಲೂ ಕೋರ್ ಮೇಲೂ ಮಾರ್ಕರಲ್ಲಿ ಗೆರೆ ಎಳ್ಕೊಳ್ಳಿ.

ಈಗ ಜಾಮ್ ವಿಷಯ. ಆಕ್ಚುಯೇಟರ್ ನೋಡಿ, ಬೂಸ್ಟ್ ಅಂದ್ರೆ ಗಾಳಿ ಒತ್ತಡ ಹಿಡಿತದಲ್ಲಿಡೋ ಆ ಡಬ್ಬಿ ಥರದ್ದು. ಎಷ್ಟೋ ಟರ್ಬೊಗಳಲ್ಲಿ ಅದರ ಬ್ರಾಕೆಟ್ ಗಾಳಿ ಕಡೆ ಹೌಸಿಂಗಿಗೆ ಇರುತ್ತೆ, ರಾಡ್ ಹೋಗಿ ಹೊಗೆ ಕಡೆ ಲಿವರ್ ಹಿಡಿದಿರುತ್ತೆ. ಆ ರಾಡ್ ಬಿಚ್ಚದೆ ನೀವು ಏನು ಮಾಡಿದ್ರೂ ತಿರುಗಲ್ಲ. ತುದಿಯ ಸಣ್ಣ ಕ್ಲಿಪ್ ತೆಗೆದು ರಾಡನ್ನ ಲಿವರಿಂದ ಬಿಡಿಸಿ. ರಾಡಿನ ಮೇಲಿರೋ ನಟ್ ಮಾತ್ರ ಮುಟ್ಟಬೇಡಿ, ಬೂಸ್ಟ್ ಸೆಟಿಂಗ್ ಅದರಲ್ಲೇ ಇರೋದು.

ರಾಡ್ ಬಿಚ್ಚಿದ ಮೇಲೂ ಅಲ್ಲಾಡದಿದ್ರೆ, ಬೋಲ್ಟುಗಳನ್ನ ಎರಡು ಸುತ್ತು ಸಡಿಲ ಮಾಡಿ ಹಾಗೇ ಬಿಡಿ, ಪೂರ್ತಿ ತೆಗೀಬೇಡಿ. ಇದ್ದಕ್ಕಿದ್ದಂಗೆ ಕಳಚಿಕೊಂಡ್ರೆ ಹೌಸಿಂಗ್ ವಾಲಿ ಒಳಗಿನ ಗಾಳಿ ಚಕ್ರದ ಬ್ಲೇಡಿಗೆ ತಾಗುತ್ತೆ. ಬೋಲ್ಟ್ ಕೆಳಗಿರೋ ಬಾಗಿದ ಪಟ್ಟಿಗಳೂ ಅಂಟಿರುತ್ತೆ, ಒಂದೊಂದನ್ನೂ ಪಕ್ಕಕ್ಕೆ ತಟ್ಟಿ ಅಲ್ಲಾಡಿಸಿ. ಬೋಲ್ಟ್ ಬದಲು ದೊಡ್ಡ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಇರೋವೂ ಇವೆ, ಅದನ್ನ ಸರಿಯಾದ ಪ್ಲೈಯರ್‌ನಲ್ಲೇ ತೆಗೀಬೇಕು. ಹೌಸಿಂಗ್ ಕೋರ್ ಮೇಲೆ ಕೂರೋ ಸಂದಿಗೆ ಸುತ್ತಲೂ ತುಕ್ಕು ಬಿಡಿಸೋ ಪೆನೆಟ್ರೇಟಿಂಗ್ ಆಯಿಲ್ ಹೊಡೆದು ರಾತ್ರಿಯಿಡೀ ಬಿಡಿ.

ಬೆಳಿಗ್ಗೆ ಬಚ್ಚಲ ಹಂಡೆಯಿಂದ ಕುದಿಯೋ ನೀರು ತನ್ನಿ. ದಪ್ಪ ಬಟ್ಟೆ ಅದ್ದಿ ಗಾಳಿ ಕಡೆ ಹೌಸಿಂಗಿಗೆ ಮಾತ್ರ ಸುತ್ತಿ, ತಣ್ಣಗಾದಂಗೆ ಬದಲಾಯಿಸಿ. ಅದು ಅಲ್ಯೂಮಿನಿಯಂ, ಕೋರ್ ಬೀಡು ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ. ಆ ಕೂದಲೆಳೆ ಸಂದು ಸಾಕು. ಗ್ಯಾಸ್ ಬೆಂಕಿ ಹಿಡಿದ್ರೆ ಸಂದಿಯಲ್ಲಿ ಗಾಳಿ ಸೋರದಂತೆ ತಡೆಯೋ ರಬ್ಬರ್ ಬಳೆ, ಓರಿಂಗ್, ಸುಟ್ಟುಹೋಗುತ್ತೆ.

ಬಿಸಿ ಇರುವಾಗಲೇ ಮರದ ಕೊಡತಿ ಇಲ್ಲ ರಬ್ಬರ್ ಸುತ್ತಿಗೆಯಲ್ಲಿ ಹೌಸಿಂಗಿನ ದಪ್ಪ ಭಾಗಕ್ಕೆ, ತಿರುಗಬೇಕಾದ ದಿಕ್ಕಿಗೆ ಸಣ್ಣಗೆ ತಟ್ಟಿ. ಹೊರಕ್ಕೆ ಎಳೆಯೋದಲ್ಲ, ತಿರುಗಿಸೋದು. ಒಂದು ನೂಲಿನಷ್ಟು ಈ ಕಡೆ, ಮತ್ತೆ ಒಂದು ನೂಲಿನಷ್ಟು ಆ ಕಡೆ. ಹಂಗೆ ಹಿಂದೆ ಮುಂದೆ ಆಡಿಸ್ತಾ ಹೋದ್ರೆ ತುಕ್ಕು ತಾನೇ ಪುಡಿಯಾಗಿ ಬಿಡುತ್ತೆ.

ಗೆರೆಗೆ ಬಂದ ಮೇಲೆ ಬೋಲ್ಟ್ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿ ಸಲ ಬೆರಳಲ್ಲಿ ಚಕ್ರ ತಿರುಗಿಸಿ ನೋಡಿ. ಎಲ್ಲೂ ಕೆರೆದ ಶಬ್ದ ಬರಕೂಡದು. ಆಕ್ಚುಯೇಟರ್ ಬ್ರಾಕೆಟ್ ಹೊಸ ಜಾಗಕ್ಕೆ ಹೊಂದಿಸಿ, ರಾಡ್ ಬಲವಂತ ಇಲ್ಲದೆ ಲಿವರಿಗೆ ಕೂರಬೇಕು.

ಸಕಲೇಶಪುರದಿಂದ:

ಮೇಲಿನವರು ಹೇಳಿದ್ದರಲ್ಲಿ ಬ್ಲೇಡ್ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಎರಡು ಮಳೆಗಾಲದ ಹಿಂದೆ ನಾನೇ ಅವಸರಕ್ಕೆ ಸ್ಕ್ರೂಡ್ರೈವರ್ ಸಂದಿಗೆ ತೂರಿಸಿ ಮೀಟಿದೆ. ಹೌಸಿಂಗ್ ಒಂದು ಪಕ್ಕ ಎದ್ದು ಒಂದೇ ಒಂದು ಬ್ಲೇಡಿನ ತುದಿ ಬಾಗಿತು, ಉಗುರಿನ ಅಂಚಿನಷ್ಟು. ಪ್ಲೈಯರಲ್ಲಿ ನೆಟ್ಟಗೆ ಮಾಡಿ ಹಾಕಿದೆ. ಮಾಡಬಾರದಿತ್ತು. ಆ ಚಕ್ರ ಲೋಡಲ್ಲಿ ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗುತ್ತೆ, ಅಷ್ಟು ವೇಗದಲ್ಲಿ ಅಷ್ಟೇ ಸಣ್ಣ ಸೊಟ್ಟಕ್ಕೂ ಬ್ಯಾಲೆನ್ಸ್ ತಪ್ಪುತ್ತೆ. ಶಿರಾಡಿ ಘಾಟಿ ಹತ್ತುವಾಗ ಸಿಳ್ಳೆ ಶಬ್ದ ಶುರುವಾಯ್ತು, ಮಾರನೇ ವಾರ ಬೇರಿಂಗ್ ಹೋಗಿ ಪೂರ್ತಿ ಕೋರ್ ಬದಲಾಯಿಸಿದೆ.

ಇನ್ನೊಂದು, ಕೂರಿಸಿದ ಮೇಲೆ ಸೀದಾ ಸ್ಟಾರ್ಟ್ ಮಾಡಬೇಡಿ. ಮೇಲಿನ ಆಯಿಲ್ ತೂತಿಗೆ ಹೊಸ ಇಂಜಿನ್ ಆಯಿಲ್ ಬಿಟ್ಟು, ಕೈಯಲ್ಲಿ ಚಕ್ರ ನಾಲ್ಕು ಸುತ್ತು ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಬಿಡಿ. ಆಯಿಲ್ ಪೈಪಿನ ಜಾಯಿಂಟಿಗೆ ಸಿಲಿಕಾನ್ ಪೇಸ್ಟ್ ಹಚ್ಚಲೇಬೇಡಿ, ಗ್ಯಾಸ್ಕೆಟ್ ಹಾಕಿ. ಪೇಸ್ಟಿನ ಚೂರು ಕಿತ್ತು ಬಂದ್ರೆ ದಾರಿ ಮುಚ್ಚುತ್ತೆ.

ಆಲ್ದೂರಿನಿಂದ ಮತ್ತೆ:

ತಿರುಗಿತು ಅಣ್ಣ! ರಾಡ್ ಬಿಚ್ಚಿದಾಗಲೇ ಸ್ವಲ್ಪ ಜೀವ ಬಂತು, ಆದ್ರೂ ಗಟ್ಟಿಯಾಗೇ ಇತ್ತು. ಬಿಸಿನೀರಿನ ಬಟ್ಟೆ ಮೂರನೇ ಸಲ ಬದಲಾಯಿಸಿ ಕೊಡತಿಯಲ್ಲಿ ತಟ್ಟಿದಾಗ ಟಕ್ ಅಂತ ಬಿಟ್ಟುಕೊಂಡಿತು. ಸಂದಿಯಿಂದ ಸುಣ್ಣದಂಥ ಬಿಳಿ ಪುಡಿ ಉದುರಿತು. ಗೆರೆಗೆ ಗೆರೆ ಕೂಡಿಸಿದೀನಿ, ಚಕ್ರ ಒಂದು ಸಲ ತಳ್ಳಿದ್ರೆ ಸದ್ದಿಲ್ಲದೆ ತಿರುಗ್ತಾ ಇದೆ. ಆದ್ರೆ ಹೌಸಿಂಗಿನ ಓರಿಂಗ್ ಒಂದು ಕಡೆ ಹೊರಗೆ ಇಣುಕಿದೆ, ಸೀಳಿದಂಗೆ ಕಾಣುತ್ತೆ. ಹಾಗೇ ಹಾಕಬಹುದಾ?

ಹಾಸನದಿಂದ, ಗ್ಯಾರೇಜಿನವರು:

ಬೇಡ ಅಣ್ಣ, ಅಲ್ಲಿ ಗಾಳಿ ಸೋರಿದ್ರೆ ಮೂಟೆ ಹೇರಿ ಏರು ಹತ್ತುವಾಗ ಎಳೆಯಲ್ಲ. ಈಗ ಹೌಸಿಂಗ್ ಸಡಿಲ ಆಗಿದೆಯಲ್ಲ, ಬೋಲ್ಟ್ ತೆಗೆದು ಎರಡು ಕೈಯಲ್ಲಿ ಹಿಡಿದು ನೇರವಾಗಿ ಹೊರಗೆ ತನ್ನಿ. ಹಳೇ ಓರಿಂಗ್ ಬಿಸಾಕದೆ ಚಿಕ್ಕಮಗಳೂರಿಗೆ ತಗೊಂಡು ಹೋಗಿ, ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಗೆ ಬಿಸಿ ತಡೆಯೋ ವೈಟಾನ್ ಓರಿಂಗ್ ಕೇಳಿ. ಹಾಕುವಾಗ ತೆಳ್ಳಗೆ ಇಂಜಿನ್ ಆಯಿಲ್ ಸವರಿ.