ಪಿಯುಸಿ ಮುಗಿದಿದೆ, ಕೆಲಸದ ಅನುಭವವಿಲ್ಲ: ಮೊದಲ ಸಂದರ್ಶನಕ್ಕೆ ಹೇಗೆ ಸಿದ್ಧವಾಗಬೇಕು?

ಪ್ರಶ್ನೆ: ತಿಪಟೂರು ಕಡೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯವಳು. ಈ ವರ್ಷ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಪಾಸಾಗಿದ್ದೇನೆ. ವಯಸ್ಸು ಹದಿನೇಳು; ಹದಿನೆಂಟು ತುಂಬಲು ಇನ್ನೂ ಕೆಲವು ತಿಂಗಳುಗಳಿವೆ. ತುಮಕೂರಿನ ಒಂದು ಬಟ್ಟೆ ಮಳಿಗೆಯಲ್ಲಿ ಬಿಲ್ಲಿಂಗ್ ಕೌಂಟರಿಗೆ ಜನ ಬೇಕಾಗಿದ್ದಾರೆಂದು ತಿಳಿದು ಅರ್ಜಿ ಕೊಟ್ಟಿದ್ದೆ. ಮುಂದಿನ ವಾರ ಮೂಲ ಅಂಕಪಟ್ಟಿಗಳೊಂದಿಗೆ ಸಂದರ್ಶನಕ್ಕೆ ಬರಬೇಕೆಂದು ಫೋನ್ ಮಾಡಿ ತಿಳಿಸಿದ್ದಾರೆ. ಅಲ್ಲಿ ಚಿಕ್ಕಮ್ಮನ ಮನೆ ಇರುವುದರಿಂದ ಉಳಿದುಕೊಳ್ಳಲು ತೊಂದರೆಯಿಲ್ಲ.

ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂಬ ಜಾಗದಲ್ಲಿ ‘ಇಲ್ಲ’ ಎಂದು ಬರೆದಿದ್ದೇನೆ. ಸಂಜೆಯ ಹೊತ್ತು ಅಪ್ಪನ ಜೊತೆ ಊರಿನ ಹಾಲಿನ ಡೇರಿಗೆ ಹೋಗಿ ಪಾಸ್‌ಬುಕ್ ಬರೆದುಕೊಡುವುದನ್ನು ಬಿಟ್ಟರೆ ನಾನು ಹೊರಗೆ ಎಲ್ಲಿಯೂ ದುಡಿದವಳಲ್ಲ. ಸಂಬಂಧಿಕರ ಅಂಗಡಿಯಲ್ಲಿ ಒಂದು ವರ್ಷ ಕೆಲಸ ಮಾಡಿದ್ದೇನೆಂದು ಹೇಳಿಬಿಡು, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ಗೆಳತಿಯೊಬ್ಬಳು ಹೇಳುತ್ತಿದ್ದಾಳೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಅನುಭವವಿಲ್ಲವೆಂದರೆ ಬಾಗಿಲಿನಿಂದಲೇ ಕಳುಹಿಸಿಬಿಡುತ್ತಾರೇನೋ ಎಂಬ ಭಯವೂ ಇದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಂಬಳದ ವಿಷಯವನ್ನು ನಾನಾಗಿಯೇ ಕೇಳಬಹುದೇ ಎಂಬುದೂ ತಿಳಿಯದು. ಅಪ್ಪ ತಾವೂ ಒಳಗೆ ಬಂದು ಮಾತನಾಡುತ್ತೇನೆ ಎನ್ನುತ್ತಿದ್ದಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ಮಳಿಗೆ ವ್ಯವಸ್ಥಾಪಕ, ಹಾಸನ

ನಾನು ಹಾಸನದಲ್ಲಿ ಇಂಥದ್ದೇ ಒಂದು ಜವಳಿ ಮಳಿಗೆಯನ್ನು ನೋಡಿಕೊಳ್ಳುತ್ತೇನೆ. ಕೌಂಟರಿಗೆ ಜನರನ್ನು ಆರಿಸುವ ಹೊಣೆಯೂ ನನ್ನದೇ ಆಗಿರುವುದರಿಂದ, ಸಂದರ್ಶನ ಮಾಡುವವರು ನಿಜವಾಗಿ ಏನನ್ನು ನೋಡುತ್ತಾರೆ ಎಂಬುದನ್ನು ಹೇಳಬಲ್ಲೆ.

ಮೊದಲಿಗೆ ಆ ಸುಳ್ಳು ಅನುಭವದ ವಿಚಾರವನ್ನು ಕೈಬಿಡಿ. ಒಂದು ವರ್ಷ ಅಂಗಡಿಯಲ್ಲಿದ್ದೆ ಎಂದವರನ್ನು ನಾನು ಕೇಳುವ ಮುಂದಿನ ಪ್ರಶ್ನೆಗಳು ಸರಳವಾಗಿರುತ್ತವೆ: ಬಿಲ್ಲನ್ನು ಯಾವುದರಲ್ಲಿ ಹಾಕುತ್ತಿದ್ದಿರಿ, ರಾತ್ರಿ ಅಂಗಡಿ ಮುಚ್ಚುವಾಗ ನಗದನ್ನು ಹೇಗೆ ತಾಳೆ ನೋಡುತ್ತಿದ್ದಿರಿ, ಗ್ರಾಹಕರು ಬಟ್ಟೆ ವಾಪಸ್ ತಂದರೆ ಏನು ಮಾಡುತ್ತಿದ್ದಿರಿ? ಮಾಡಿದವರು ಇವಕ್ಕೆ ಯೋಚಿಸದೆ ಉತ್ತರ ಕೊಡುತ್ತಾರೆ, ಮಾಡದವರು ಎರಡನೆಯ ಪ್ರಶ್ನೆಯಲ್ಲಿಯೇ ಸಿಕ್ಕಿಬೀಳುತ್ತಾರೆ. ಬಿಲ್ಲಿಂಗ್ ಕೌಂಟರ್ ಎಂದರೆ ದಿನದ ದುಡ್ಡೆಲ್ಲ ಕೈಮೇಲೆ ಹಾದುಹೋಗುವ ಜಾಗ. ಅನುಭವವಿಲ್ಲದವರನ್ನು ಅಲ್ಲಿ ಕೂರಿಸಿ ಕಲಿಸಿದ್ದೇನೆ. ಮೊದಲ ದಿನವೇ ಸುಳ್ಳು ಹೇಳಿದವರನ್ನು ಕೂರಿಸಲು ಯಾವ ಮಾಲೀಕರೂ ಒಪ್ಪುವುದಿಲ್ಲ.

ಇನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಡೇರಿಯ ವಿಷಯಕ್ಕೆ ಬರುತ್ತೇನೆ. ಹಾಲು ಹಾಕಲು ಸಾಲಿನಲ್ಲಿ ನಿಂತವರ ಎದುರಿಗೆ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಎಂದು ನೋಡಿ ತಪ್ಪಿಲ್ಲದೆ ಬರೆಯುವುದು, ಪ್ರತಿಯೊಬ್ಬರಿಗೂ ದುಡ್ಡಿನ ಲೆಕ್ಕ ತಾಳೆಯಾಗುವಂತೆ ನೋಡಿಕೊಳ್ಳುವುದು, ಅವಸರ ಮಾಡುವವರನ್ನು ಸಮಾಧಾನವಾಗಿ ಮಾತನಾಡಿಸುವುದು ಇವೆಲ್ಲ ಬಿಲ್ಲಿಂಗ್ ಕೌಂಟರಿನಲ್ಲಿ ದಿನವಿಡೀ ನಡೆಯುವ ಕೆಲಸವೇ. ಸಂಬಳ ಬರಲಿಲ್ಲ ಎಂಬ ಕಾರಣಕ್ಕೆ ಅದು ಕೆಲಸವಲ್ಲ ಎಂದು ನೀವೇ ತೀರ್ಮಾನಿಸಿಬಿಟ್ಟಿದ್ದೀರಿ. ಸಂದರ್ಶನದಲ್ಲಿ ‘ಸಂಬಳದ ಕೆಲಸ ಮಾಡಿಲ್ಲ’ ಎಂದು ಮೊದಲು ಸ್ಪಷ್ಟವಾಗಿ ಹೇಳಿ, ತಕ್ಷಣವೇ ಡೇರಿಯಲ್ಲಿ ಏನು ಮಾಡುತ್ತಿದ್ದಿರಿ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ವಿವರಿಸಿ. ಯಾರಾದರೂ ಜಗಳ ತೆಗೆದ ಸಂದರ್ಭವಿದ್ದರೆ ಅದನ್ನು ಖಂಡಿತ ಹೇಳಿ, ಏಕೆಂದರೆ ‘ಗ್ರಾಹಕರು ಕೋಪಗೊಂಡರೆ ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಎರಡು ಸಣ್ಣ ಪರೀಕ್ಷೆಗಳನ್ನು ನಿರೀಕ್ಷಿಸಿ. ಬಿಲ್ಲು 1,847 ರೂಪಾಯಿ ಆಗಿದೆ, ಗ್ರಾಹಕರು 2,000 ರೂಪಾಯಿಯ ಜೊತೆಗೆ 47 ರೂಪಾಯಿ ಚಿಲ್ಲರೆಯನ್ನೂ ಕೊಡುತ್ತಾರೆ, ನೀವು ಎಷ್ಟು ಹಿಂದಿರುಗಿಸುತ್ತೀರಿ ಎಂದು ನಾನು ಕೇಳುತ್ತೇನೆ. 200 ರೂಪಾಯಿ ಎಂಬ ಉತ್ತರಕ್ಕಿಂತ, ಗಾಬರಿಯಾಗದೆ ಒಂದು ಕ್ಷಣ ತೆಗೆದುಕೊಂಡು ಲೆಕ್ಕ ಹಾಕುತ್ತಾರೆಯೇ ಎಂಬುದನ್ನು ಗಮನಿಸುತ್ತೇನೆ. ಇನ್ನೊಂದು ಯುಪಿಐ ಕುರಿತದ್ದು. ದುಡ್ಡು ಹೋಗಿದೆ ಎಂದು ಗ್ರಾಹಕರು ತಮ್ಮ ಮೊಬೈಲಿನ ಪರದೆ ತೋರಿಸುತ್ತಾರೆ, ಅಂಗಡಿಯ ಸ್ಪೀಕರಿನಲ್ಲಿ ಮಾತ್ರ ಸದ್ದು ಬಂದಿಲ್ಲ. ಆಗ ಏನು ಮಾಡುತ್ತೀರಿ? ಅವರ ಪರದೆಯನ್ನು ನಂಬಿ ಚೀಲ ಕೊಟ್ಟು ಕಳುಹಿಸಬಾರದು. ಗೌರವದಿಂದ ಒಂದು ನಿಮಿಷ ನಿಲ್ಲುವಂತೆ ಕೇಳಿಕೊಂಡು, ಅಂಗಡಿಯ ಖಾತೆಗೆ ಹಣ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅನುಮಾನವಿದ್ದರೆ ಮೇಲ್ವಿಚಾರಕರನ್ನು ಕರೆಯಬೇಕು.

ನಮ್ಮ ಕಡೆಯ ಒಂದು ಆತಂಕವನ್ನೂ ಹೇಳಿಬಿಡುತ್ತೇನೆ. ಕೆಲಸ ಕಲಿತ ಹುಡುಗ ಹುಡುಗಿಯರು ದಸರಾ, ದೀಪಾವಳಿಯ ವ್ಯಾಪಾರ ಬಿರುಸಾಗಿರುವಾಗಲೇ ಹೇಳದೆ ಬಿಟ್ಟುಹೋಗುತ್ತಾರೆ. ಆದ್ದರಿಂದ ಎಷ್ಟು ಕಾಲ ಇರುತ್ತೀರಿ ಎಂದು ಕೇಳಿದಾಗ ‘ನೀವು ಇರು ಎನ್ನುವಷ್ಟು ದಿನ’ ಎಂಬಂಥ ಮಾತು ಬೇಡ. ನಿಮಗೆ ನಿಜವಾಗಿ ತಿಳಿದಿರುವಷ್ಟನ್ನೇ ಹೇಳಿ. ಉಡುಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಗೆದು ಇಸ್ತ್ರಿ ಮಾಡಿದ ಚೂಡಿದಾರ ಸಾಕು. ತಿಪಟೂರಿನಿಂದ ಬರುವ ಬಸ್ಸು ತಡವಾಗಬಹುದು, ಹಿಂದಿನ ಸಂಜೆಯೇ ಚಿಕ್ಕಮ್ಮನ ಮನೆಗೆ ಬಂದಿರಿ.

ಉತ್ತರ 2: ಕಾರ್ಮಿಕ ಇಲಾಖೆಯ ನಿವೃತ್ತ ನೌಕರ

ಹಿಂದಿನ ಉತ್ತರ ಬಹಳ ಉಪಯುಕ್ತವಾಗಿದೆ. ಆದರೆ ಈ ಮಗಳಿಗೆ ಇನ್ನೂ ಹದಿನೆಂಟು ತುಂಬಿಲ್ಲ ಎಂಬುದನ್ನು ಅದು ಗಮನಿಸಿಲ್ಲ. ಇಲ್ಲಿ ಅದೇ ಮುಖ್ಯ ವಿಷಯ.

ಮಕ್ಕಳ ಮತ್ತು ಹದಿಹರೆಯದವರ ದುಡಿಮೆಗೆ ಸಂಬಂಧಿಸಿದ 1986ರ ಕೇಂದ್ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕು ತುಂಬಿ ಹದಿನೆಂಟು ತುಂಬದವರನ್ನು ಗಣಿ, ಸ್ಫೋಟಕ ಮುಂತಾದ ಅಪಾಯಕಾರಿ ಕೆಲಸಗಳಿಗೆ ತೆಗೆದುಕೊಳ್ಳುವಂತಿಲ್ಲ; ಬಟ್ಟೆ ಮಳಿಗೆಯ ಕೌಂಟರಿನಂಥ ಕೆಲಸಕ್ಕೆ ತೆಗೆದುಕೊಳ್ಳಬಹುದು, ಆದರೆ ಕೆಲವು ಮಿತಿಗಳಿವೆ. ಸತತವಾಗಿ ಮೂರು ಗಂಟೆ ದುಡಿಸಿದ ಮೇಲೆ ಕನಿಷ್ಠ ಒಂದು ಗಂಟೆಯ ವಿಶ್ರಾಂತಿ ಕೊಡಬೇಕು. ಆ ವಿಶ್ರಾಂತಿಯೂ ಸೇರಿ ದಿನದ ಒಟ್ಟು ಅವಧಿ ಆರು ಗಂಟೆಯನ್ನು ಮೀರಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಮಾಡಿಸುವಂತಿಲ್ಲ, ಓವರ್‌ಟೈಮ್ ಇಲ್ಲವೇ ಇಲ್ಲ, ವಾರಕ್ಕೆ ಒಂದು ಪೂರ್ಣ ದಿನ ರಜೆ ಇರಲೇಬೇಕು. ಇಂಥವರ ಹೆಸರು ಮತ್ತು ಜನ್ಮದಿನಾಂಕವನ್ನು ಮಾಲೀಕರು ಪ್ರತ್ಯೇಕ ವಹಿಯಲ್ಲಿ ದಾಖಲಿಸಬೇಕು.

ಬಟ್ಟೆ ಮಳಿಗೆಗಳು ರಾತ್ರಿ ಒಂಬತ್ತರವರೆಗೂ ತೆರೆದಿರುವುದು ಎಲ್ಲರಿಗೂ ಗೊತ್ತು. ಆದ್ದರಿಂದ ‘ನನಗೆ ಇಂಥ ದಿನ ಹದಿನೆಂಟು ತುಂಬುತ್ತದೆ, ಅಲ್ಲಿಯವರೆಗೆ ಹಗಲಿನ ಪಾಳಿ ಕೊಡಲು ಸಾಧ್ಯವೇ’ ಎಂದು ನೀವೇ ಮೊದಲು ಕೇಳಿ. ಹುಟ್ಟುಹಬ್ಬ ಕಳೆದ ಮೇಲೆ ಬನ್ನಿ ಎಂದು ಅವರು ಹೇಳಬಹುದು. ಅದನ್ನು ಅವಮಾನವೆಂದು ಭಾವಿಸಬೇಡಿ, ಕಾನೂನನ್ನು ಪಾಲಿಸುವ ಮಾಲೀಕರು ಹಾಗೆಯೇ ಹೇಳುತ್ತಾರೆ. ವಯಸ್ಸನ್ನು ಹೆಚ್ಚಿಸಿ ಹೇಳು ಎಂದು ಯಾರಾದರೂ ಸೂಚಿಸಿದರೆ ಮಾತ್ರ ಆ ಕೆಲಸವೇ ಬೇಡ.

ಸಂಬಳವನ್ನು ಕೇಳಬಹುದೇ ಎಂದಿದ್ದೀರಿ. ಕೇಳಲೇಬೇಕು, ಆದರೆ ಮಾತುಕತೆಯ ಕೊನೆಯಲ್ಲಿ ಕೇಳಿ. ಕನಿಷ್ಠ ವೇತನವನ್ನು ಸರ್ಕಾರವೇ ನಿಗದಿಪಡಿಸುತ್ತದೆ, ನಮ್ಮ ರಾಜ್ಯದಲ್ಲಿ ಅದರ ತುಟ್ಟಿಭತ್ಯೆ (ಬೆಲೆ ಏರಿಕೆಗೆ ತಕ್ಕಂತೆ ಸೇರಿಸುವ ಮೊತ್ತ) ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಕೈಗೆ ಬರುವ ಮೊತ್ತ ಎಷ್ಟು, ಕಡಿತ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯಿಸುವ ಮಳಿಗೆಯಾದರೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದಿಂದ ನಿಮ್ಮ ಪಾಲು ಶೇಕಡಾ 0.75 ಕಡಿತವಾಗುತ್ತದೆ, ಮಾಲೀಕರು ಶೇಕಡಾ 3.25 ಕಟ್ಟುತ್ತಾರೆ, ಅದರಿಂದ ನಿಮಗೆ ಚಿಕಿತ್ಸೆಯ ಸೌಲಭ್ಯ ಸಿಗುತ್ತದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ, ಹುದ್ದೆ, ವೇತನ ಮತ್ತು ಷರತ್ತುಗಳನ್ನು ಬರೆದ ನೇಮಕಾತಿ ಆದೇಶವನ್ನು ಸೇರಿದ ಮೂವತ್ತು ದಿನಗಳೊಳಗೆ ಕೊಡಬೇಕು. ‘ನೇಮಕಾತಿ ಆದೇಶ ಯಾವಾಗ ಸಿಗುತ್ತದೆ ಸರ್’ ಎಂದು ವಿನಯದಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೂಲ ಅಂಕಪಟ್ಟಿಗಳನ್ನು ತೋರಿಸಿ, ಜೆರಾಕ್ಸ್ ಪ್ರತಿ ಕೊಟ್ಟು, ಮೂಲವನ್ನು ಅದೇ ದಿನ ಮನೆಗೆ ತನ್ನಿ. ಕೆಲಸ ಬಿಟ್ಟುಹೋಗದಿರಲೆಂದು ಅವನ್ನು ಇಟ್ಟುಕೊಳ್ಳುವ ರೂಢಿ ಕೆಲವೆಡೆ ಇದೆ. ಅದಕ್ಕೆ ಒಪ್ಪಿದರೆ ಮುಂದೆ ಪದವಿಗೆ ಸೇರುವ ಹೊತ್ತಿನಲ್ಲಿ ನೀವೇ ಪರದಾಡಬೇಕಾಗುತ್ತದೆ. ನೋಂದಣಿ ಶುಲ್ಕ, ಸಮವಸ್ತ್ರದ ಠೇವಣಿ ಎಂದು ಮುಂಗಡವಾಗಿ ಯಾರು ಹಣ ಕೇಳಿದರೂ ಕೊಡಬೇಡಿ. ಆನ್‌ಲೈನಿನಲ್ಲಿ ಹಾಗೆ ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು.

ಉತ್ತರ 3: ಪಿಯು ಕಾಲೇಜಿನ ಉಪನ್ಯಾಸಕಿ

ನನ್ನ ವಿದ್ಯಾರ್ಥಿನಿಯರನ್ನು ಇಂಥ ಸಂದರ್ಶನಗಳಿಗೆ ಸಿದ್ಧಪಡಿಸುವಾಗ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಅವರು ‘ಮೈಸೆಲ್ಫ್’ ಎಂದು ಆರಂಭವಾಗುವ ಇಂಗ್ಲಿಷ್ ಪ್ಯಾರಾವೊಂದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ. ತುಮಕೂರಿನ ಬಟ್ಟೆ ಅಂಗಡಿಗೆ ಬರುವ ಬಹುಪಾಲು ಗ್ರಾಹಕರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ‘ಕನ್ನಡದಲ್ಲಿ ಉತ್ತರಿಸಬಹುದೇ’ ಎಂದು ಆರಂಭದಲ್ಲಿಯೇ ಕೇಳಿ. ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಕೇಳಿದರೆ, ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಬಿಲ್ಲು ಮತ್ತು ಪಟ್ಟಿಗಳನ್ನು ಓದಬಲ್ಲೆ, ಮಾತು ಇನ್ನೂ ಸರಾಗವಾಗಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ.

ಉತ್ತರಗಳನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಚಿಕ್ಕಮ್ಮನನ್ನು ಎದುರು ಕೂರಿಸಿಕೊಂಡು, ಪ್ರಶ್ನೆಗಳ ಕ್ರಮವನ್ನು ಅವರಿಗೇ ಬಿಟ್ಟು, ಸಾಧ್ಯವಾದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಕೇಳಿ. ನಮ್ಮ ಹೆಣ್ಣುಮಕ್ಕಳು ವಾಕ್ಯದ ಕೊನೆಗೆ ಬರುವಾಗ ಧ್ವನಿಯನ್ನು ತಗ್ಗಿಸಿ ನುಂಗಿಬಿಡುತ್ತಾರೆ. ಚೆನ್ನಾಗಿ ತಿಳಿದಿರುವ ವಿಷಯವೂ ಆಗ ಅನುಮಾನದಂತೆ ಕೇಳಿಸುತ್ತದೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ, ಏಕೆಂದರೆ ಲೆಕ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಯರು ಇದೊಂದೇ ಕಾರಣಕ್ಕೆ ಹಿಂದೆ ಉಳಿಯುವುದನ್ನು ನೋಡಿದ್ದೇನೆ.

ಓದನ್ನು ಏಕೆ ಮುಂದುವರಿಸುತ್ತಿಲ್ಲ ಎಂದು ಖಂಡಿತ ಕೇಳುತ್ತಾರೆ. ಪದವಿ ಓದುವ ಆಸೆಯಿದ್ದರೆ ಬಚ್ಚಿಡಬೇಡಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತಲೇ ಬಿ.ಕಾಂ. ಓದಬಹುದು. ಹಾಗೆ ಯೋಚಿಸಿದ್ದರೆ, ಪರೀಕ್ಷೆಯ ದಿನಗಳಿಗೆ ರಜೆ ಬೇಕಾಗುತ್ತದೆ ಎಂಬುದನ್ನೂ ಅಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇನ್ನು ತಂದೆಯವರು ಜೊತೆಗೆ ಬರಲಿ, ಸ್ಥಳ ನೋಡಲಿ, ಹೊರಗೆ ಕಾಯಲಿ. ಒಳಗೆ ಮಾತ್ರ ನೀವೊಬ್ಬರೇ ಹೋಗಿ. ಕೆಲಸ ಕೊಡುತ್ತೇವೆ ಎಂದ ಮೇಲೆ ಅವರನ್ನು ಕರೆದು ಪರಿಚಯಿಸಿದರೆ ಅವರಿಗೂ ಸಮಾಧಾನ, ಮಾಲೀಕರಿಗೂ ಭರವಸೆ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ಹಗಲಿನ ಪಾಳಿಯ ವಿಷಯ ನನಗೆ ತಿಳಿದೇ ಇರಲಿಲ್ಲ, ಅದನ್ನು ಕೇಳುತ್ತೇನೆ. ಅನುಭವದ ಪ್ರಶ್ನೆಗೆ ಹೀಗೆ ಹೇಳಬಹುದೇ ಎಂದು ದಯವಿಟ್ಟು ನೋಡಿ:

“ನಾನು ಕಷ್ಟಪಟ್ಟು ಕೆಲಸ ಮಾಡುವವಳು, ಬೇಗ ಕಲಿಯುವವಳು. ಸಂಬಳದ ಕೆಲಸ ಇದುವರೆಗೆ ಮಾಡಿಲ್ಲ. ನಮ್ಮ ತಂದೆ ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಸಂಜೆ ಹಾಲು ಹಾಕಲು ಬಂದವರ ಲೀಟರ್ ಮತ್ತು ಫ್ಯಾಟ್ ಅನ್ನು ನಾನು ಪಾಸ್‌ಬುಕ್ಕಿಗೆ ಬರೆಯುತ್ತೇನೆ. ಒಮ್ಮೆ ಒಬ್ಬ ಅಜ್ಜ ಫ್ಯಾಟ್ ಕಡಿಮೆ ಬರೆದಿದ್ದೀಯ ಎಂದು ಬಹಳ ಕೂಗಾಡಿದರು. ನಾನು ವಾದ ಮಾಡದೆ, ಅವರದೇ ಹಾಲಿನ ಸ್ಯಾಂಪಲ್ಲನ್ನು ಅವರ ಕಣ್ಣೆದುರಿಗೇ ಮತ್ತೊಮ್ಮೆ ಯಂತ್ರಕ್ಕೆ ಇಡಿಸಿ, ಬಂದ ಸಂಖ್ಯೆಯನ್ನು ಅವರಿಗೆ ತೋರಿಸಿದೆ. ಮರುದಿನದಿಂದ ಅವರು ಎಂದಿನಂತೆ ಹಾಲು ತಂದರು.”

ಉತ್ತರ 4: ಮಳಿಗೆ ವ್ಯವಸ್ಥಾಪಕ, ಹಾಸನ

ಬಹಳ ಚೆನ್ನಾಗಿದೆ. ಮೊದಲ ವಾಕ್ಯವನ್ನು ತೆಗೆದುಬಿಡಿ, ಸಂದರ್ಶನಕ್ಕೆ ಬಂದವರೆಲ್ಲರೂ ಅದನ್ನೇ ಹೇಳುತ್ತಾರೆ. ಅಜ್ಜನ ಪ್ರಸಂಗ ಅದನ್ನು ನಿಮ್ಮ ಪರವಾಗಿ ತಾನೇ ತೋರಿಸಿಕೊಡುತ್ತದೆ. ಸಂಜೆಗೆ ಸುಮಾರು ಎಷ್ಟು ಜನರ ಹಾಲು ಬರೆಯುತ್ತೀರಿ ಎಂಬ ಸಂಖ್ಯೆಯನ್ನು ಸೇರಿಸಿ, ಆಗ ಕೇಳುವವರಿಗೆ ಕೆಲಸದ ಪ್ರಮಾಣ ಅರ್ಥವಾಗುತ್ತದೆ.

ವಯಸ್ಸಿನ ವಿಷಯವನ್ನು ಹಿರಿಯರು ತಿಳಿಸಿದ್ದು ಒಳ್ಳೆಯದಾಯಿತು. ಜನ್ಮದಿನಾಂಕವನ್ನು ಬಯೋಡೇಟಾದ ಮೇಲ್ಭಾಗದಲ್ಲಿಯೇ ಕಾಣುವಂತೆ ಬರೆಯಿರಿ. ಯಾವ ದಿನದೊಳಗೆ ತಿಳಿಸುತ್ತೀರಿ ಎಂದು ಹೊರಡುವ ಮುಂಚೆ ಕೇಳಿಕೊಳ್ಳಿ, ಆ ದಿನ ಕಳೆದರೂ ಕರೆ ಬರದಿದ್ದರೆ ನೀವೇ ಒಮ್ಮೆ ಫೋನ್ ಮಾಡಿ. ಬೆಳಿಗ್ಗೆ ಹನ್ನೊಂದರೊಳಗೆ ಮಾಡಿ, ಗ್ರಾಹಕರು ಕಡಿಮೆ ಇರುತ್ತಾರೆ, ಮಾತನಾಡಲು ನಮಗೂ ಬಿಡುವಿರುತ್ತದೆ.